ಸಾಂದ್ರತೆಯ ಲೆಕ್ಕ ತಪ್ಪಿ ಬಂದಾಗ ದೋಷ ಹುಡುಕುವ ಬಗೆ

ಸಾಂದ್ರತೆಯ ಲೆಕ್ಕದಲ್ಲಿ ಇರುವುದು ಒಂದೇ ಭಾಗಾಕಾರ: ದ್ರವ್ಯರಾಶಿ ÷ ಗಾತ್ರ. ಉತ್ತರ ತಪ್ಪಿ ಬಂತೆಂದರೆ ಹೆಚ್ಚಿನವರು ಅದೇ ಭಾಗಾಕಾರವನ್ನು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಮತ್ತೆ ಅದೇ ಉತ್ತರ ಬರುತ್ತದೆ, ಏಕೆಂದರೆ ತಪ್ಪು ಇರುವುದು ಅಲ್ಲಲ್ಲ. ಕಾರವಾರ, ಕುಮಟಾ, ಶಿರಸಿ ಕಡೆಯ ಶಾಲೆ ಮಕ್ಕಳ ಪ್ರಯೋಗದ ಪಟ್ಟಿ, ಗಾಣದವರ ಎಣ್ಣೆ ಲೆಕ್ಕ, ಜೇನು ಸಾಕುವವರ ಟಿಪ್ಪಣಿ ಇವನ್ನೆಲ್ಲ ನೋಡುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ದೋಷ ಎಲ್ಲಿದೆ ಎನ್ನುವುದು ಬಹುಪಾಲು ಆ ತಪ್ಪು ಅಂಕಿಯಲ್ಲೇ ಬರೆದಿರುತ್ತದೆ.

ಓದುವ ಕ್ರಮ ಹೀಗೆ. ಬಂದ ಉತ್ತರವನ್ನು ಬರಬೇಕಿದ್ದ ಉತ್ತರದಿಂದ ಭಾಗಿಸಿ. ಆ ಅನುಪಾತ 1000 ಆಯಿತೋ, ಎಂಟರಲ್ಲಿ ಒಂದು ಪಾಲಾಯಿತೋ, 0.54 ಆಯಿತೋ, 1.02 ಆಯಿತೋ ನೋಡಿ. ಮುಂದೆ ಎಲ್ಲಿ ಕೈ ಹಾಕಬೇಕು ಎನ್ನುವುದು ಅದರ ಮೇಲೆ ನಿಂತಿದೆ.

ಬರಬೇಕಿದ್ದ ಉತ್ತರ ಯಾವುದು ಎಂದು ತಿಳಿಯಲು ನಾಲ್ಕಾರು ಅಂಕಿ ತಲೆಯಲ್ಲಿರಬೇಕು. ಎಲ್ಲವೂ ಒಂದು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ: ಕೊಬ್ಬರಿ ಎಣ್ಣೆ 0.92ರ ಆಸುಪಾಸು, ಸಿಹಿನೀರು 1, ಕಡಲ ನೀರು 1.02ರಿಂದ 1.03, ಜೇನು 1.4ರ ಹತ್ತಿರ, ಗಾಜು 2.5, ಅಲ್ಯೂಮಿನಿಯಂ 2.7, ಕಬ್ಬಿಣ 7.87, ತಾಮ್ರ 8.96, ಸೀಸ 11.3, ಅಪ್ಪಟ ಚಿನ್ನ 19.3. ಅಳೆಯುವ ವಸ್ತುವಿನ ಅಂಕಿ ಯಾವ ಪುಸ್ತಕದಲ್ಲೂ ಸಿಗದಿದ್ದರೆ, ಅದೇ ಅಳತೆ ಗೆರೆಯ ಜಾಡಿ, ಅದೇ ತಕ್ಕಡಿ, ಅದೇ ಕೈಯಿಂದ ಮೊದಲು ಬಾವಿ ನೀರನ್ನು ಅಳೆಯಿರಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಸಾಂದ್ರತೆ 0.996. ನೀರಿಗೇ 1.08 ಬಂದರೆ ಉಳಿದ ವಸ್ತುಗಳ ವಿಚಾರ ಆಮೇಲೆ. ಮೊದಲು ಸಲಕರಣೆ ಸರಿಮಾಡಬೇಕು.

ಅನುಪಾತ ಸಾವಿರ, ಹತ್ತು ಸಾವಿರ, ನೂರು: ಏಕಮಾನದ ದೋಷ

ಸರಿಯಾಗಿ 1000 ಪಟ್ಟು ಹೆಚ್ಚು ಅಥವಾ 1000ದಲ್ಲಿ ಒಂದು ಪಾಲು ಬಂದಿದ್ದರೆ ಅಳತೆ ಸರಿಯಾಗಿಯೇ ಇದೆ, ಏಕಮಾನ ಬರೆಯುವಾಗ ಅದಲುಬದಲಾಗಿದೆ. 1 ಗ್ರಾಂ/ಘನ ಸೆಂ.ಮೀ. ಎಂದರೆ 1000 ಕೆ.ಜಿ./ಘನ ಮೀಟರ್. ಇದನ್ನು ಉರು ಹೊಡೆಯುವುದಕ್ಕಿಂತ ಕಣ್ಣೆದುರು ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಮನೆ ತಾರಸಿಯ ಮೇಲಿನ 1000 ಲೀಟರ್ ಟ್ಯಾಂಕಿನಲ್ಲಿ ಇರುವುದು ಒಂದು ಘನ ಮೀಟರ್ ನೀರು, ಅದರ ದ್ರವ್ಯರಾಶಿ ಒಂದು ಟನ್. ಹಾಗಾಗಿ ಕೆ.ಜಿ./ಘನ ಮೀಟರ್ ಎಂದು ಬರೆದ ಯಾವುದೇ ಘನ ಅಥವಾ ದ್ರವದ ಉತ್ತರ ನೂರರೊಳಗೆ ಇದ್ದರೆ ಕೂಡಲೇ ಅನುಮಾನಪಡಬೇಕು. ನಮ್ಮ ಕರಾವಳಿಯ ಗಾಳಿಗೇ ಘನ ಮೀಟರಿಗೆ 1.2 ಕೆ.ಜಿ.ಯಷ್ಟು ಸಾಂದ್ರತೆ ಇದೆ.

ಹತ್ತು ಸಾವಿರದಲ್ಲಿ ಒಂದು ಪಾಲು ಬಂದರೆ ಅದರ ಕಥೆ ಬೇರೆ. ಒಂದು ಕಬ್ಬಿಣದ ತುಂಡು 78.7 ಗ್ರಾಂ, ಗಾತ್ರ 10 ಘನ ಸೆಂ.ಮೀ. ಎಂದಿಟ್ಟುಕೊಳ್ಳಿ. ವಿದ್ಯಾರ್ಥಿ ಗ್ರಾಮನ್ನು 1000ದಿಂದ ಭಾಗಿಸಿ 0.0787 ಕೆ.ಜಿ. ಮಾಡುತ್ತಾನೆ, ಅದು ಸರಿ. ಆಮೇಲೆ 100 ಸೆಂಟಿಮೀಟರಿಗೆ ಒಂದು ಮೀಟರ್ ಎಂಬ ನೆನಪಲ್ಲಿ 10ನ್ನು 100ರಿಂದ ಭಾಗಿಸಿ 0.1 ಘನ ಮೀಟರ್ ಎಂದು ಬರೆಯುತ್ತಾನೆ. ಉತ್ತರ 0.787 ಕೆ.ಜಿ./ಘನ ಮೀಟರ್: ಗಾಳಿಗಿಂತ ಹಗುರವಾದ ಕಬ್ಬಿಣ. ಬರಬೇಕಿದ್ದದ್ದು 7870. ಉದ್ದಕ್ಕೆ 100 ಆದರೆ ಗಾತ್ರಕ್ಕೆ 100 × 100 × 100, ಅಂದರೆ ಹತ್ತು ಲಕ್ಷ; ಅವನು ನೂರಕ್ಕೇ ನಿಲ್ಲಿಸಿದ್ದಾನೆ. ಇದೇ ದೋಷ ಮಿಲಿಮೀಟರಿನಿಂದ ಸೆಂಟಿಮೀಟರಿಗೆ ಹೋಗುವಾಗ ನೂರರ ವ್ಯತ್ಯಾಸವಾಗಿ ಕಾಣುತ್ತದೆ. ಉತ್ತರ ಸರಿಯಾಗಿ ಹತ್ತು ಸಾವಿರ ಪಾಲು ಅಥವಾ ನೂರು ಪಾಲು ತಪ್ಪಿದ್ದರೆ ತಕ್ಕಡಿಯನ್ನು ಮುಟ್ಟುವುದೇ ಬೇಡ. ಘನ ಮಾಡಲು ಮರೆತ ಸಾಲನ್ನು ಹುಡುಕಿ.

ಇನ್ನೂ ಒಂದಿದೆ: ಗಾತ್ರವನ್ನು ದ್ರವ್ಯರಾಶಿಯಿಂದ ಭಾಗಿಸಿ, ತಲೆಕೆಳಗಾದ ಉತ್ತರ ಬರುವುದು. ನೀರಿನ ವಿಷಯದಲ್ಲಿ ಇದು ಗೊತ್ತಾಗುವುದೇ ಇಲ್ಲ, ಒಂದರ ತಲೆಕೆಳಗೂ ಒಂದೇ. ಎಣ್ಣೆಗೆ 1.09 ಬಂದರೂ, ಜೇನಿಗೆ 0.71 ಬಂದರೂ ಮೊದಲು ಇದನ್ನೇ ನೋಡಿ. ಏಕಮಾನವನ್ನು ಪ್ರತಿ ಸಾಲಿನಲ್ಲೂ ಅಂಕಿಯ ಜೊತೆಗೇ ಬರೆಯುವ ರೂಢಿ ಇದ್ದರೆ ಕೊನೆಯಲ್ಲಿ ಘನ ಸೆಂ.ಮೀ./ಗ್ರಾಂ ಎಂದು ತಾನಾಗಿಯೇ ಬಂದುಬಿಡುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಏಕಮಾನವನ್ನು ಕೊನೆಯ ಸಾಲಿಗೆ ಮಾತ್ರ ಅಂಟಿಸುವ ಅಭ್ಯಾಸವನ್ನು ಶಿಕ್ಷಕರು ಮೊದಲ ದಿನದಿಂದಲೇ ಬಿಡಿಸಬೇಕು. ಅಂಕ ಕಳೆಯುವ ಪ್ರಶ್ನೆ ಇದಲ್ಲ, ಮಗುವಿನ ಕೈಗೆ ತನ್ನ ತಪ್ಪನ್ನು ತಾನೇ ಹಿಡಿಯುವ ಸಾಧನ ಕೊಡುವ ಪ್ರಶ್ನೆ.

ನಾಲ್ಕು, ಎಂಟು, ಇಪ್ಪತ್ತೆಂಟು

ಗೋಳದ ಗಾತ್ರ ಲೆಕ್ಕ ಹಾಕುವಾಗ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೆ ಗಾತ್ರ 8 ಪಟ್ಟಾಗಿ ಸಾಂದ್ರತೆ ಎಂಟರಲ್ಲಿ ಒಂದು ಪಾಲಾಗುತ್ತದೆ. ಸಿಲಿಂಡರಿನಲ್ಲಾದರೆ ನಾಲ್ಕರಲ್ಲಿ ಒಂದು. ಬೇರಿಂಗಿನಿಂದ ತೆಗೆದ 20 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಸುಮಾರು 32.9 ಗ್ರಾಂ ತೂಗುತ್ತದೆ. ಸರಿಯಾದ ಗಾತ್ರ 4.19 ಘನ ಸೆಂ.ಮೀ., ಸಾಂದ್ರತೆ 7.85. ತ್ರಿಜ್ಯ 2 ಸೆಂ.ಮೀ. ಎಂದುಕೊಂಡರೆ ಗಾತ್ರ 33.5, ಸಾಂದ್ರತೆ 0.98. ಉಕ್ಕು ನೀರಲ್ಲಿ ತೇಲಬೇಕು ಎಂದಾಯಿತು! ಗುಂಡನ್ನು ಲೋಟದ ನೀರಿಗೆ ಹಾಕಿ ತೋರಿಸಿದರೆ ಯಾವ ಪಾಠವೂ ಬೇಡ.

ಅನುಪಾತ 28ರಲ್ಲಿ ಒಂದು ಪಾಲಿನ ಸುತ್ತಮುತ್ತ ಬಂದರೆ ತಕ್ಕಡಿಯ ಪರದೆಯ ಮೂಲೆ ನೋಡಿ. ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಒಂದೇ ಗುಂಡಿ ಒತ್ತುತ್ತ ಹೋದಂತೆ ಗ್ರಾಂ, ಔನ್ಸ್, ಕ್ಯಾರೆಟ್, ತೊಲ ಎಂದು ಏಕಮಾನ ಬದಲಾಗುತ್ತದೆ. ಬೆರಳು ತಾಗಿ ಬದಲಾದದ್ದು ಗೊತ್ತಾಗುವುದಿಲ್ಲ. ಒಂದು ಔನ್ಸ್ 28.35 ಗ್ರಾಂ, ಒಂದು ತೊಲ 11.66 ಗ್ರಾಂ, ಒಂದು ಕ್ಯಾರೆಟ್ 0.2 ಗ್ರಾಂ. ಅನುಪಾತ 28.35ರಲ್ಲಿ ಒಂದು ಪಾಲು, 11.66ರಲ್ಲಿ ಒಂದು ಪಾಲು ಅಥವಾ (ಕ್ಯಾರೆಟ್ ಆದರೆ) 5 ಪಟ್ಟು, ಈ ಮೂರರಲ್ಲಿ ಒಂದಕ್ಕೆ ಹೊಂದಿದರೆ ದೋಷ ಸಿಕ್ಕಿತು.

ತಕ್ಕಡಿಯ ಮೇಲೇ ಅನುಮಾನ ಬಂದರೆ ಪ್ರಮಾಣಿತ ಬಟ್ಟು ಇಲ್ಲದ ಕಡೆ ನಾಣ್ಯ ಸಾಕು. 2011ರ ಸರಣಿಯ 5 ರೂಪಾಯಿ ನಾಣ್ಯ 6.00 ಗ್ರಾಂ, ಎರಡು ಬಣ್ಣದ 10 ರೂಪಾಯಿ ನಾಣ್ಯ 7.71 ಗ್ರಾಂ. ಹೆಚ್ಚು ಸವೆಯದ ಐದಾರು ನಾಣ್ಯ ಒಟ್ಟಿಗೆ ಇಟ್ಟು ನೋಡಿ. 2019ರ ಸರಣಿಯ ತೂಕ ಬೇರೆ, ಎರಡನ್ನೂ ಬೆರೆಸಬೇಡಿ.

ಕಾರವಾರದಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ದರೆ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಬದಲಾಗುತ್ತದೆ. ಈ ತಕ್ಕಡಿಗಳು ಅಳೆಯುವುದು ಕೆಳಕ್ಕೆ ಒತ್ತುವ ಬಲವನ್ನು. ಸುಮಾರು 600 ಮೀಟರ್ ಎತ್ತರದಲ್ಲಿ ಗುರುತ್ವ ಸ್ವಲ್ಪ ಕಡಿಮೆ. 200 ಗ್ರಾಂ ವಸ್ತುವಿಗೆ 0.02ರಿಂದ 0.04 ಗ್ರಾಂನಷ್ಟು ಕಡಿಮೆ ತೋರಬಹುದು. ಶಾಲೆಯ ಪ್ರಯೋಗಕ್ಕೆ ಇದು ಲೆಕ್ಕಕ್ಕಿಲ್ಲ. ಸೂಕ್ಷ್ಮ ಕೆಲಸ ಮಾಡುವವರು ಜಾಗ ಬದಲಾದಾಗ ಬಟ್ಟು ಇಟ್ಟು ಮತ್ತೆ ಹೊಂದಿಸಿಕೊಂಡರೆ ಆಯಿತು.

ಎಲ್ಲದಕ್ಕೂ 1.00 ಬಂದರೆ

ನೀರಿಗೆ 1.00, ಎಣ್ಣೆಗೆ 1.00, ಜೇನಿಗೂ 1.00. ಇಷ್ಟು ಅಚ್ಚುಕಟ್ಟಾದ ಉತ್ತರ ಬಂದಾಗ ಸಂತೋಷಪಡದೆ ಅಡುಗೆಮನೆಯ ತಕ್ಕಡಿಯನ್ನು ನೋಡಿ. ಈಗಿನ ತಕ್ಕಡಿಗಳಲ್ಲಿ ಗ್ರಾಂ ಜೊತೆಗೆ ಮಿ.ಲೀ. (1 ಮಿ.ಲೀ. ಎಂದರೆ 1 ಘನ ಸೆಂ.ಮೀ.) ತೋರಿಸುವ ವ್ಯವಸ್ಥೆ ಇರುತ್ತದೆ. ತಕ್ಕಡಿಗೆ ಗಾತ್ರ ತಿಳಿಯುವ ಯಾವ ದಾರಿಯೂ ಇಲ್ಲ. ಅದು ತೂಕ ನೋಡಿ, ಮೇಲಿರುವುದು ನೀರೇ ಎಂದುಕೊಂಡು ಅದೇ ಅಂಕಿಯ ಮುಂದೆ ಮಿ.ಲೀ. ಎಂದು ಬರೆಯುತ್ತದೆ. 250 ಗ್ರಾಂ ಜೇನು ಇಟ್ಟರೆ 250 ಮಿ.ಲೀ. ಎನ್ನುತ್ತದೆ, ನಿಜವಾದ ಗಾತ್ರ 180 ಮಿ.ಲೀ.ಗೂ ಕಡಿಮೆ. ದ್ರವ್ಯರಾಶಿ ಮತ್ತು ಗಾತ್ರ ಎರಡನ್ನೂ ಒಂದೇ ತಕ್ಕಡಿಯ ಪರದೆಯಿಂದ ತೆಗೆದುಕೊಂಡರೆ ಸಾಂದ್ರತೆ ಒಂದೇ ಬರಬೇಕು, ಬೇರೆ ಬರಲು ಸಾಧ್ಯವೇ ಇಲ್ಲ. ಗಾತ್ರವನ್ನು ಜಾಡಿಯಲ್ಲೋ ಬಾಟಲಿಯಲ್ಲೋ ಬೇರೆಯಾಗಿ ಅಳೆಯಲೇಬೇಕು.

ಇದೇ ಗೊಂದಲ ವ್ಯಾಪಾರದಲ್ಲೂ ನುಸುಳಿದೆ. ಲೀಟರ್ ಎಣ್ಣೆ, ಕೆ.ಜಿ. ಎಣ್ಣೆ ಎರಡೂ ಒಂದೇ ಎಂದು ದರ ಹೋಲಿಸುವವರು ಬಹಳ. ಕೊಬ್ಬರಿ ಎಣ್ಣೆಯ 15 ಕೆ.ಜಿ. ಡಬ್ಬದಲ್ಲಿ 16 ಲೀಟರಿಗೂ ಮಿಕ್ಕಿ ಎಣ್ಣೆ ಇರುತ್ತದೆ. ಡಬ್ಬ ಕೊಂಡು ಲೀಟರ್ ಲೆಕ್ಕದಲ್ಲಿ ಮಾರುವವರಿಗೂ, ಅವರಿಂದ ಕೊಳ್ಳುವವರಿಗೂ ಇದು ಗೊತ್ತಿರಬೇಕು.

ಪ್ರಮಾಣ ಬದಲಾದರೆ ಉತ್ತರವೂ ಬದಲಾಗುತ್ತಿದ್ದರೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ದೋಷ ಇದು, ಇದನ್ನು ಹಿಡಿಯುವ ಉಪಾಯವೂ ನನಗೆ ಅಷ್ಟೇ ಇಷ್ಟ. ಗಾಣದಿಂದ ತಂದ ಕೊಬ್ಬರಿ ಎಣ್ಣೆಯನ್ನು ನಾಲ್ಕು ಸಲ ಬೇರೆ ಬೇರೆ ಪ್ರಮಾಣದಲ್ಲಿ ಅಳೆದರು ಎಂದುಕೊಳ್ಳಿ. 20 ಮಿ.ಲೀ.ಗೆ 21.4 ಗ್ರಾಂ, 40ಕ್ಕೆ 39.7, 60ಕ್ಕೆ 58.1, 80ಕ್ಕೆ 76.4. ಭಾಗಿಸಿದರೆ 1.07, 0.99, 0.97, 0.96. ಒಂದೇ ಬಾಟಲಿಯ ಎಣ್ಣೆಗೆ ನಾಲ್ಕು ಸಾಂದ್ರತೆ. ಸರಾಸರಿ ತೆಗೆದು 1.00 ಎಂದು ಬರೆದು ಮುಗಿಸುವುದು ಇಲ್ಲಿ ಮಾಡಬಾರದ ಕೆಲಸ. ಅಂಕಿಗಳು ಏರುಪೇರಾಗಿಲ್ಲ, ಒಂದೇ ದಿಕ್ಕಿಗೆ ಇಳಿಯುತ್ತಿವೆ. ಅಂದರೆ ಪ್ರತಿ ಅಳತೆಯಲ್ಲೂ ಅಷ್ಟೇ ತೂಕದ ಏನೋ ಒಂದು ಸೇರಿಕೊಂಡಿದೆ. ಪ್ರಮಾಣ ಹೆಚ್ಚಾದಷ್ಟೂ ಅದರ ಪಾಲು ಕಡಿಮೆಯಾಗುತ್ತಿದೆ.

ಈಗ ಭಾಗಿಸುವ ಬದಲು ವ್ಯತ್ಯಾಸ ನೋಡಿ. 20ರಿಂದ 40ಕ್ಕೆ ಹೋಗುವಾಗ 18.3 ಗ್ರಾಂ ಹೆಚ್ಚಿತು, ಆಮೇಲೆ 18.4, ಆಮೇಲೆ 18.3. ಪ್ರತಿ 20 ಮಿ.ಲೀ.ಗೆ ಸುಮಾರು 18.33 ಗ್ರಾಂ, ಅಂದರೆ 0.917. ಇದೇ ಎಣ್ಣೆಯ ಸಾಂದ್ರತೆ. ಮೊದಲ 20 ಮಿ.ಲೀ.ಗೂ 18.33 ಇರಬೇಕಿತ್ತು, ಇದ್ದದ್ದು 21.4. ಹೆಚ್ಚುವರಿ 3.07 ಗ್ರಾಂ ಎಲ್ಲಿಂದ ಬಂತು? ಟೇರ್ (ಖಾಲಿ ಪಾತ್ರೆಯ ತೂಕವನ್ನು ಸೊನ್ನೆ ಮಾಡುವ ಗುಂಡಿ) ಒತ್ತುವಾಗ ಪಾತ್ರೆಯ ಮೇಲೆ ಇಲ್ಲದ ಒಂದು ವಸ್ತು ಆಮೇಲೆ ಸೇರಿದೆ. ಸುಮಾರು ಮೂರು ಗ್ರಾಂ ತೂಗುವುದೇನಿದೆ ಎಂದು ಮೇಜಿನ ಮೇಲೆ ಹುಡುಕಿದರೆ ಪ್ಲಾಸ್ಟಿಕ್ ಮುಚ್ಚಳವೋ ಲಾಳಿಕೆಯೋ ಸಿಗುತ್ತದೆ. ಗ್ರಾಫ್ ಹಾಳೆಯ ಮೇಲೆ ಗಾತ್ರವನ್ನು ಅಡ್ಡಕ್ಕೆ, ದ್ರವ್ಯರಾಶಿಯನ್ನು ಉದ್ದಕ್ಕೆ ಇಟ್ಟು ಗೆರೆ ಎಳೆದರೆ ಇದೇ ಮಾತು ಚಿತ್ರವಾಗಿ ಕಾಣುತ್ತದೆ: ಗೆರೆಯ ಇಳಿಜಾರು ಸಾಂದ್ರತೆ, ಗೆರೆ ಉದ್ದದ ಅಕ್ಷವನ್ನು ಮುಟ್ಟುವ ಜಾಗ ಟೇರಿನ ದೋಷ. ಅಳತೆಗಳನ್ನು ಮತ್ತೆ ಮಾಡದೆಯೇ ಸರಿಯಾದ ಉತ್ತರ ಹೊರಗೆ ಬಂತು. ಅದಕ್ಕೇ ನಾನು ಯಾವಾಗಲೂ ಹೇಳುವುದು, ಒಂದೇ ಪ್ರಮಾಣವನ್ನು ನಾಲ್ಕು ಸಲ ಅಳೆಯುವುದಕ್ಕಿಂತ ನಾಲ್ಕು ಪ್ರಮಾಣಗಳನ್ನು ಒಂದೊಂದು ಸಲ ಅಳೆಯುವುದು ಲಾಭ.

ಇನ್ನೊಂದು ಎಚ್ಚರಿಕೆ ಎಣ್ಣೆಯವರಿಗೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಇದು ಅಷ್ಟಾಗಿ ಕಾಡದು, ಶಿರಸಿಯ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬಿಳಿ ಗಟ್ಟಿ ಕೂತಿರುತ್ತದೆ. ಅರೆ ಹೆಪ್ಪಾದ ಎಣ್ಣೆಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಜಾಡಿಯ ಮಟ್ಟ ಓದಲೂ ಬರುವುದಿಲ್ಲ. ಬಿಸಿನೀರಲ್ಲಿ ಬಾಟಲಿ ಇಟ್ಟು ಪೂರ್ತಿ ಕರಗಿಸಿ, ಕೋಣೆಯ ಉಷ್ಣತೆಗೆ ಬಂದ ಮೇಲೆ ಆದರೆ ಮತ್ತೆ ಹೆಪ್ಪುಗಟ್ಟುವ ಮುಂಚೆ ಅಳೆಯಿರಿ, ಎಷ್ಟು ಡಿಗ್ರಿಯಲ್ಲಿ ಅಳೆದಿರೆಂದು ಪಕ್ಕದಲ್ಲಿ ಬರೆಯಿರಿ.

ಅರ್ಧದಷ್ಟು ಬಂದರೆ: ನಡುವಿನ ಗಾಳಿ

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪನ್ನು ಒಂದು ಅಳತೆ ಪಾತ್ರೆಗೆ ತುಂಬಿ ತೂಗಿ. 250 ಮಿ.ಲೀ.ಗೆ 290 ಗ್ರಾಂ ಬಂದರೆ ಸಾಂದ್ರತೆ 1.16. ಪುಸ್ತಕದಲ್ಲಿ ಉಪ್ಪಿಗೆ 2.16 ಎಂದಿದೆ. ಅನುಪಾತ 0.54. ತಕ್ಕಡಿಯೂ ಸರಿ, ಪಾತ್ರೆಯೂ ಸರಿ, ಪುಸ್ತಕವೂ ಸರಿ. 2.16 ಎನ್ನುವುದು ಹರಳಿನದು. ನೀವು ಅಳೆದದ್ದು ಹರಳುಗಳನ್ನೂ ಅವುಗಳ ನಡುವಿನ ಗಾಳಿಯನ್ನೂ. ಅಕ್ಕಿ, ಮರಳು, ಅಡಿಕೆ, ಪುಡಿ ಯಾವುದೇ ಇರಲಿ, ಅನುಪಾತ 0.5ರಿಂದ 0.7ರ ನಡುವೆ ಬಂದರೆ ಮೊದಲು ಇದನ್ನೇ ಯೋಚಿಸಿ. ಗೋಣಿಚೀಲ ಎಷ್ಟು ಬೇಕು, ಗೋದಾಮಿನಲ್ಲಿ ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕಕ್ಕೆ 1.16 ಸರಿಯಾದ ಅಂಕಿ. ಹರಳಿನ ಸಾಂದ್ರತೆ ಬೇಕಾದರೆ ನಡುವಿನ ಗಾಳಿಯನ್ನು ದ್ರವದಿಂದ ತುಂಬಿಸಬೇಕು.

ನೀರಿಗೆ ಹಾಕಿದರೆ ಉಪ್ಪು ಕರಗುತ್ತದೆ, ಆಗ ಇನ್ನೊಂದು ವಿಚಿತ್ರ ಅಂಕಿ ಬರುತ್ತದೆ. 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು ಪೂರ್ತಿ ಕರಗಿದಾಗ ಮಟ್ಟ ಏರುವುದು 13 ಮಿ.ಲೀ.ಯ ಆಸುಪಾಸು. ಭಾಗಿಸಿದರೆ 2.7. ಕರಗಿದ ಉಪ್ಪು ನೀರಿನೊಳಗೆ ತನ್ನ ಹರಳಿನ ಗಾತ್ರಕ್ಕಿಂತ ಕಡಿಮೆ ಜಾಗದಲ್ಲಿ ಹೊಂದಿಕೊಳ್ಳುತ್ತದೆ. ಉಪ್ಪಿಗೆ 2.7 ಬಂದಿದ್ದರೆ ಯಾರೋ ನೀರಲ್ಲಿ ಮುಳುಗಿಸಿ ಅಳೆದಿದ್ದಾರೆ ಎಂದು ನೋಡದೆಯೇ ಹೇಳಬಹುದು. ಸೀಮೆಎಣ್ಣೆಯಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಉಪ್ಪು ಕರಗುವುದಿಲ್ಲ. 50 ಮಿ.ಲೀ. ಎಣ್ಣೆಗೆ 43.2 ಗ್ರಾಂ ಒಣ ಉಪ್ಪು ಹಾಕಿ, ಕಡ್ಡಿಯಿಂದ ಅಲುಗಿಸಿ ಗುಳ್ಳೆ ಬಿಡಿಸಿದರೆ ಮಟ್ಟ 70ಕ್ಕೆ ನಿಲ್ಲಬೇಕು.

ಒಣ ಉಪ್ಪು ಎಂದೆ. ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ನೀರನ್ನು ಎಳೆದುಕೊಂಡು ಒಸರಲು ತೊಡಗುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ ತೇವಾಂಶ ಅದರ ಕೆಳಗೆ ಇಳಿಯುವುದೇ ಅಪರೂಪ. ತಕ್ಕಡಿಯ ಮೇಲೆ ಇಟ್ಟ ಉಪ್ಪಿನ ತೂಕ ನೋಡುತ್ತಿರುವಂತೆಯೇ ನಿಧಾನ ಏರುತ್ತಿದ್ದರೆ ತಕ್ಕಡಿ ಕೆಟ್ಟಿಲ್ಲ. ಬಾಣಲೆಯಲ್ಲಿ ಹುರಿದು, ಮುಚ್ಚಿದ ಡಬ್ಬದಲ್ಲಿ ಆರಿಸಿ, ಬೇಗ ತೂಗಿ.

ಚಿರೆಕಲ್ಲು: ಮಟ್ಟ ನಿಲ್ಲದೆ ಇಳಿಯುವಾಗ

ನಮ್ಮ ಕಡೆಯ ಮಕ್ಕಳು ಕಲ್ಲು ತನ್ನಿ ಎಂದರೆ ಚಿರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಚೂರನ್ನೇ ತರುತ್ತಾರೆ. ಪಠ್ಯದಲ್ಲಿ ಇರುವ ಪ್ರಯೋಗ ಗಟ್ಟಿ ಕಲ್ಲಿಗೆ ಬರೆದದ್ದು. ಚಿರೆಕಲ್ಲಿನ ಮೈ ತುಂಬ ರಂಧ್ರ. 410 ಗ್ರಾಂ ತೂಗುವ ಒಣ ಚೂರನ್ನು ನೀರಿಗೆ ಇಳಿಸಿದ ಕೂಡಲೇ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಆ ಗಳಿಗೆಯಲ್ಲಿ ಓದಿದರೆ ಮಟ್ಟ 200 ಮಿ.ಲೀ. ಏರಿರುತ್ತದೆ, ಅರ್ಧ ಗಂಟೆ ಬಿಟ್ಟು ನೋಡಿದರೆ ಏರಿಕೆ 172ಕ್ಕೆ ಇಳಿದಿರುತ್ತದೆ. ಒಬ್ಬಳು 2.05 ಎನ್ನುತ್ತಾಳೆ, ಇನ್ನೊಬ್ಬಳು 2.38. ಇಬ್ಬರ ಪಟ್ಟಿಯ ಮೇಲೂ ಶಿಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಅದು ಅನ್ಯಾಯ. ಮೊದಲಿನದು ರಂಧ್ರ ಸೇರಿದ ಕಲ್ಲಿನ ಸಾಂದ್ರತೆಗೆ ಹತ್ತಿರ, ಎರಡನೆಯದು ಗಟ್ಟಿ ಭಾಗದ ಸಾಂದ್ರತೆಯತ್ತ ಸಾಗುತ್ತಿರುವುದು.

ಗೋಡೆಗೆ ಎಷ್ಟು ಭಾರ ಬೀಳುತ್ತದೆ, ಲಾರಿಗೆ ಎಷ್ಟು ಕಲ್ಲು ಹೇರಬಹುದು ಎಂಬುದಕ್ಕೆ ಬೇಕಿರುವುದು ರಂಧ್ರ ಸೇರಿದ್ದು. ಅದನ್ನು ಗೊಂದಲವಿಲ್ಲದೆ ಪಡೆಯಬೇಕಾದರೆ ಒಣಗಿದ ತೂಕ ಬರೆದುಕೊಂಡು, ಕಲ್ಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಜಾಡಿಗೆ ಇಳಿಸಿ. ರಂಧ್ರ ಮೊದಲೇ ತುಂಬಿರುವುದರಿಂದ ಮಟ್ಟ ಏರಿದಲ್ಲೇ ನಿಲ್ಲುತ್ತದೆ. ಒಣ ತೂಕವನ್ನು ಈ ಗಾತ್ರದಿಂದ ಭಾಗಿಸಿ. ನೆನೆದ ಕಲ್ಲಿನ ತೂಕ ಹಾಕಿದರೆ ಅಂಕಿ ಜಾಸ್ತಿ ಬರುತ್ತದೆ, ಆ ಎಡವಟ್ಟು ಪದೇ ಪದೇ ಕಾಣುತ್ತದೆ.

ಚಿಕ್ಕ ವಸ್ತು, ದೊಡ್ಡ ಜಾಡಿ

ಒಂದೊಂದು ಮಿ.ಲೀ. ಗೆರೆ ಇರುವ 100 ಮಿ.ಲೀ. ಜಾಡಿಯಲ್ಲಿ ಪ್ರತಿ ಓದಿಗೆ ಅರ್ಧ ಮಿ.ಲೀ. ಆಚೀಚೆ ಇದ್ದೇ ಇರುತ್ತದೆ. ಮುಳುಗಿಸುವ ಮೊದಲು ಒಂದು ಓದು, ಆಮೇಲೆ ಒಂದು ಓದು, ಸೇರಿ ಒಂದು ಮಿ.ಲೀ. 5 ಮಿ.ಲೀ. ಗಾತ್ರದ ಬೀಗದ ಕೈಗೆ ಇದು 20 ಶೇಕಡಾ ದೋಷ. 22 ಕ್ಯಾರೆಟ್ ಚಿನ್ನದ 8 ಗ್ರಾಂ ಉಂಗುರದ ಗಾತ್ರ ಅರ್ಧ ಮಿ.ಲೀ.ಗೂ ಕಡಿಮೆ, ಆ ಜಾಡಿಯಲ್ಲಿ ಅದು ಕಾಣುವುದೇ ಇಲ್ಲ.

ಇದಕ್ಕೆ ಮದ್ದು ತಕ್ಕಡಿಯಲ್ಲೇ ಇದೆ. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಟೇರ್ ಒತ್ತಿ. ವಸ್ತುವನ್ನು ತೆಳು ನೂಲಿಗೆ ಕಟ್ಟಿ, ಕೈಯಲ್ಲಲ್ಲ, ಪಕ್ಕದಲ್ಲಿ ನಿಲ್ಲಿಸಿದ ಸ್ಟ್ಯಾಂಡಿನಿಂದ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಘನ ಸೆಂ.ಮೀ. ಆ ವಸ್ತುವಿನ ಗಾತ್ರ. ಅದು ಹೊರದಬ್ಬಿದ ನೀರಿನ ತೂಕದಷ್ಟೇ ಬಲ ಲೋಟದ ತಳದ ಮೇಲೆ ಬೀಳುತ್ತದೆ, ಆರ್ಕಿಮಿಡೀಸನ ತತ್ತ್ವ ಇದೇ. ಉಂಗುರ ತಳಕ್ಕೆ ತಾಗಿ ನೂಲು ಸಡಿಲಾದರೆ ತಕ್ಕಡಿ ಉಂಗುರದ ಪೂರ್ತಿ ತೂಕವನ್ನೇ ತೋರಿಸುತ್ತದೆ, ಸಾಂದ್ರತೆ ಮತ್ತೆ 1.00 ಬರುತ್ತದೆ. ಕೆತ್ತನೆಯ ಸಂದಿಯಲ್ಲಿ ಗುಳ್ಳೆ ಕೂತಿದ್ದರೆ ಗಾತ್ರ ಹೆಚ್ಚಾಗಿ ಚಿನ್ನದ ಸಾಂದ್ರತೆ ಕಡಿಮೆ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಕುಂಚದಿಂದ ಗುಳ್ಳೆ ಬಿಡಿಸಿ. ಫ್ಯಾನ್ ಆರಿಸಿ, ಕಡಲ ಕಡೆಯ ಕಿಟಕಿ ಹಾಕಿ.

ಎರಡು ಮೂರು ಶೇಕಡಾ ತಪ್ಪಿದರೆ

ಕಡಲ ನೀರಿಗೂ ಸಿಹಿನೀರಿಗೂ ಇರುವ ವ್ಯತ್ಯಾಸವೇ ಎರಡೂವರೆ ಶೇಕಡಾ. ಒಂದು ಶೇಕಡಾ ದೋಷದ ಜಾಡಿಯಿಂದ ಅದನ್ನು ನಂಬುವಂತೆ ಅಳೆಯಲಾಗದು. ಕ್ಯಾಲ್ಕುಲೇಟರ್ 1.0273941 ಎಂದು ತೋರಿಸಿದ ಮಾತ್ರಕ್ಕೆ ಏಳು ದಶಮಾಂಶ ನಿಮ್ಮದಾಗುವುದಿಲ್ಲ. ಇಲ್ಲಿ ಸಾಂದ್ರತಾ ಬಾಟಲಿಯೇ ಬೇಕು, ಮುಚ್ಚಳದಲ್ಲಿ ಸಣ್ಣ ತೂತಿರುವಂಥದ್ದು. ಒಣ ಬಾಟಲಿ 22.41 ಗ್ರಾಂ, ಶುದ್ಧ ನೀರು ತುಂಬಿ 47.31, ಕಡಲ ನೀರು ತುಂಬಿ 47.97 ಎಂದಿಟ್ಟುಕೊಳ್ಳಿ. ಶುದ್ಧ ನೀರು 24.90 ಗ್ರಾಂ, 30 ಡಿಗ್ರಿಯಲ್ಲಿ ಅದರ ಸಾಂದ್ರತೆ 0.9957 ಆದ್ದರಿಂದ ಬಾಟಲಿಯ ಗಾತ್ರ 25.01 ಮಿ.ಲೀ. ಕಡಲ ನೀರು 25.56 ಗ್ರಾಂ, ಸಾಂದ್ರತೆ 1.022. ಬಾಟಲಿಯನ್ನು ಅಂಗೈಯಲ್ಲಿ ಹಿಡಿದರೆ ಬಿಸಿಗೆ ದ್ರವ ಹಿಗ್ಗಿ ತೂತಿನಿಂದ ಹೊರಬರುತ್ತದೆ. ಕತ್ತಿನಲ್ಲಿ ಬಟ್ಟೆ ಸುತ್ತಿ ಹಿಡಿಯಿರಿ.

ಇಷ್ಟೆಲ್ಲ ಮಾಡಿಯೂ ಕಾರವಾರದ ಮಕ್ಕಳಿಗೆ ಮಳೆಗಾಲದಲ್ಲಿ 1.00 ಬರುತ್ತದೆ. ಆಗ ನೀರು ಎಲ್ಲಿಂದ ತಂದಿರಿ ಎಂದು ಕೇಳಿ. ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ ಬಾಟಲಿಯ ಬಾಯಿಯನ್ನು ಮೇಲ್ಮೈಗೆ ಅದ್ದಿ ತುಂಬಿದ್ದರೆ, ಬಂದಿರುವುದು ಘಟ್ಟದಿಂದ ಇಳಿದ ಮಳೆನೀರು. ಹಗುರವಾದ ಸಿಹಿನೀರು ಮೇಲೆ ಹರಿಯುತ್ತದೆ, ಉಪ್ಪುನೀರು ಕೆಳಗೆ ನುಗ್ಗುತ್ತದೆ. ಅಳತೆ ಸರಿಯಾಗಿದೆ, ಅದನ್ನು ಅಳಿಸಬೇಡಿ. ಭರತವೋ ಇಳಿತವೋ, ಎಷ್ಟು ಆಳದ ನೀರು ಎಂದು ಪಕ್ಕದಲ್ಲಿ ಸೇರಿಸಿ.

ಪೆಟ್ರೋಲ್ ಬಂಕಿನಲ್ಲಿ ಸಾಂದ್ರತೆ ಪರೀಕ್ಷಿಸಿ ಜಗಳ ತೆಗೆಯುವ ಮುಂಚೆಯೂ ಒಂದು ಮಾತು. ಫಲಕದಲ್ಲಿ ಬರೆದ ಅಂಕಿ 15 ಡಿಗ್ರಿಯದು. 32 ಡಿಗ್ರಿಯ ಮಧ್ಯಾಹ್ನ ಅದೇ ಪೆಟ್ರೋಲ್ ಹಿಗ್ಗಿ ಘನ ಮೀಟರಿಗೆ ಸುಮಾರು 15 ಕೆ.ಜಿ. ಕಡಿಮೆ ತೋರಿಸುತ್ತದೆ. ಫಲಕದಲ್ಲಿ 745 ಇದ್ದು ನಿಮಗೆ 730 ಬಂದರೆ ಅಲ್ಲಿ ಕಲಬೆರಕೆ ಹುಡುಕಬೇಕಿಲ್ಲ.

ಜೇನು

ಇದನ್ನು ಕೊನೆಗೆ ಇಟ್ಟದ್ದು ಇಲ್ಲಿ ತಪ್ಪು ಅಂಕಿಯಿಂದ ಒಬ್ಬರ ಮಾನ ಹೋಗುತ್ತದೆ ಎಂಬ ಕಾರಣಕ್ಕೆ. ದೇಶದ ಆಹಾರ ಮಾನದಂಡದ ಪ್ರಕಾರ ಜೇನಿನ ಸಾಪೇಕ್ಷ ಸಾಂದ್ರತೆ 27 ಡಿಗ್ರಿಯಲ್ಲಿ ಕನಿಷ್ಠ 1.35 ಇರಬೇಕು. ಸಾಪೇಕ್ಷ ಸಾಂದ್ರತೆ ಎಂದರೆ ನೀರಿನ ಸಾಂದ್ರತೆಗೆ ಹೋಲಿಸಿದ ಅನುಪಾತ, ಅದಕ್ಕೆ ಏಕಮಾನ ಇಲ್ಲ. ಕೊಳ್ಳುವವರು ಮನೆಯಲ್ಲೇ ಅಳೆದು 1.30 ಬಂತೆಂದು ನೀರು ಬೆರೆಸಿದ್ದಾರೆ ಎಂದುಬಿಡುತ್ತಾರೆ. ಅಳೆದದ್ದು ಹೇಗೆ ಎಂದು ಕೇಳಿದರೆ ಜಾಡಿಯಲ್ಲಿ 50 ಮಿ.ಲೀ. ಅಳೆದು, ತಕ್ಕಡಿಯ ಮೇಲಿನ ಬಟ್ಟಲಿಗೆ ಸುರಿದು ತೂಗಿರುತ್ತಾರೆ. ಬಟ್ಟಲಲ್ಲಿ 64.9 ಗ್ರಾಂ, ಭಾಗಿಸಿದರೆ 1.30. ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ: ಒಳಗೋಡೆಗೆ ಹೊಂಬಣ್ಣದ ಪದರ ಅಂಟಿಕೊಂಡು ನಿಧಾನ ಕೆಳಗಿಳಿಯುತ್ತಿದೆ. ಅಂಟಿದ ಆ ಜೇನು 5.6 ಗ್ರಾಂ ಇದ್ದರೆ ನಿಜವಾದ ದ್ರವ್ಯರಾಶಿ 70.5, ಸಾಂದ್ರತೆ 1.41.

ಜೇನನ್ನು ಸುರಿಯಲೇಬಾರದು. ಖಾಲಿ ಜಾಡಿಯನ್ನೇ ತಕ್ಕಡಿಯ ಮೇಲಿಟ್ಟು ಟೇರ್ ಒತ್ತಿ, ಗೋಡೆಗೆ ತಾಗದಂತೆ ನಡುವಿಗೆ ಜೇನು ಬಿಟ್ಟು, ಗುಳ್ಳೆ ಮೇಲೇರಿ ಒಡೆಯುವವರೆಗೆ ಕಾದು, ಮಟ್ಟವನ್ನೂ ತೂಕವನ್ನೂ ಒಟ್ಟಿಗೆ ಓದಿ. ಆಗಷ್ಟೇ ಕಲಕಿದ ಜೇನಿನಲ್ಲಿ ಸಣ್ಣ ಗುಳ್ಳೆ ತುಂಬಿರುತ್ತದೆ, ಅದೂ ಅಂಕಿಯನ್ನು ಕೆಳಗೆ ಎಳೆಯುತ್ತದೆ. ಮುಚ್ಚಿ ಒಂದು ದಿನ ಇಡಿ. ಮಳೆಗಾಲದ ಗಾಳಿಗೆ ತೆರೆದಿಟ್ಟರೆ ಜೇನೇ ತೇವ ಎಳೆದುಕೊಳ್ಳುತ್ತದೆ.

ಇಷ್ಟಾಗಿಯೂ 1.35ರ ಕೆಳಗೆ ಬಂದರೆ ನೀರಿನಂಶ ಹೆಚ್ಚಿದೆ ಎಂದು ಹೇಳಬಹುದು, ಯಾರೋ ಬೆರೆಸಿದರು ಎಂದು ಹೇಳಲಾಗದು. ಎರಿ ಪೂರ್ತಿ ಮುಚ್ಚುವ ಮುನ್ನ ತೆಗೆದ ಜೇನೂ ನೀರಾಗಿಯೇ ಇರುತ್ತದೆ. 1.41 ಬಂದರೂ ಅಪ್ಪಟ ಎಂದು ಹೇಳಲಾಗದು, ಗಟ್ಟಿ ಸಕ್ಕರೆ ಪಾಕಕ್ಕೂ ಅದೇ ಸಾಂದ್ರತೆ ತರಬಹುದು. ಆ ಪ್ರಶ್ನೆಗೆ ಬೇರೆ ಪರೀಕ್ಷೆಗಳಿವೆ, ಪ್ರಯೋಗಾಲಯಕ್ಕೆ ಕಳಿಸಬೇಕು. ಕಳಿಸುವಾಗ ಬಾಟಲಿಯ ಜೊತೆಗೆ ನೀವು ಅಳೆದ ದ್ರವ್ಯರಾಶಿ, ಗಾತ್ರ, ಉಷ್ಣತೆ, ಮೂರನ್ನೂ ಏಕಮಾನ ಸಮೇತ ಚೀಟಿಯಲ್ಲಿ ಬರೆದು ಅಂಟಿಸಿ.